ಬಜೆಟ್ ಮಿನಿ ಪಿಸಿಯಲ್ಲಿ ವಿಂಡೋಸ್ 7 ಅಳವಡಿಸಬಹುದೇ? ಹಳೆಯ ಡಿಟಿಪಿ ಕೆಲಸಕ್ಕೆ ಬೇಕಾಗಿದೆ

ಪ್ರಶ್ನೆ: ಅಚ್ಚಿನಮನೆ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಸುಲ್ತಾನ್‌ಪೇಟೆಯ ಹತ್ತಿರ ನಮ್ಮದೊಂದು ಚಿಕ್ಕ ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ಗೃಹಪ್ರವೇಶದ ಆಹ್ವಾನ, ಬಿಲ್ ಪುಸ್ತಕ, ದೇವಸ್ಥಾನಗಳ ಜಾತ್ರೆಯ ಕರಪತ್ರ, ಇವೇ ನಮ್ಮ ಕೆಲಸ. ಹದಿನಾರು ವರ್ಷಗಳಿಂದ ಪುಟವಿನ್ಯಾಸವನ್ನೆಲ್ಲ ಪೇಜ್‌ಮೇಕರ್ 7ರಲ್ಲಿ ಮಾಡುತ್ತ ಬಂದಿದ್ದೇವೆ. ಅಕ್ಷರ ಜೋಡಣೆಗೆ ನುಡಿ ಫಾಂಟುಗಳ ಜೊತೆಗೆ, ಡಾಂಗಲ್ (ಪರವಾನಗಿಯ ಕೀಲಿಯಂತಿರುವ ಪುಟ್ಟ ಸಾಧನ) ಚುಚ್ಚಿದರೆ ಮಾತ್ರ ತೆರೆದುಕೊಳ್ಳುವ ಇನ್ನೊಂದು ಕನ್ನಡ ತಂತ್ರಾಂಶವನ್ನೂ ಬಳಸುತ್ತೇವೆ. ಅದನ್ನು ಮಾಡಿದವರು ಅಂಗಡಿ ಮುಚ್ಚಿ ಎಷ್ಟೋ ವರ್ಷಗಳಾದವು. ಡಾಂಗಲ್‌ನ ಡ್ರೈವರ್ (ಸಾಧನವನ್ನು ವಿಂಡೋಸ್ ಗುರುತಿಸಿ ನಡೆಸಲು ಬೇಕಾದ ತಂತ್ರಾಂಶ) 32 ಬಿಟ್ ಎಂಬ ಹಳೆಯ ಬಗೆಯ ವಿಂಡೋಸ್‌ಗೆ ಮಾತ್ರ ಇದೆ. ಟ್ರೇಸಿಂಗ್ ಹಾಳೆಯ ಮೇಲೆ ಉಲ್ಟಾ ಪ್ರತಿ ತೆಗೆಯುವ ನಮ್ಮ ಎ3 ಲೇಸರ್ ಪ್ರಿಂಟರಿನ ಡ್ರೈವರ್ ಕೂಡ ಹಾಗೆಯೇ 32 ಬಿಟ್‌ನದು.

ಕಳೆದ ತಿಂಗಳು ಕರೆಂಟ್ ಹೋಗಿ ಬಂದಾಗ ನಮ್ಮ ಕೋರ್ 2 ಡ್ಯುಯೊ ಗಣಕ ಕೈಕೊಟ್ಟಿತು. ಡಬ್ಬಿ ಬಿಚ್ಚಿ ನೋಡಿದರೆ ಮದರ್‌ಬೋರ್ಡಿನ ಕೆಪಾಸಿಟರ್‌ಗಳ ನೆತ್ತಿ ಉಬ್ಬಿ ಕಂದು ಬಣ್ಣದ ರಸ ಹೊರಬಂದಿತ್ತು. ಪುಣ್ಯಕ್ಕೆ ಹಾರ್ಡ್ ಡಿಸ್ಕ್ ಉಳಿದುಕೊಂಡಿದೆ. ಅದರಲ್ಲಿದ್ದ ಕಡತಗಳನ್ನೆಲ್ಲ ಎರಡು ಬಾಹ್ಯ ಡಿಸ್ಕುಗಳಿಗೆ ನಕಲು ಮಾಡಿಟ್ಟಿದ್ದೇನೆ. ಅಂಗಡಿಯಲ್ಲಿ ಜಾಗ ಕಡಿಮೆ, ವಿದ್ಯುತ್ ಬಿಲ್ಲೂ ಇಳಿಯಬಹುದು ಎಂಬ ಲೆಕ್ಕದಲ್ಲಿ ಹದಿನೈದು ಸಾವಿರದೊಳಗೆ ಸಿಕ್ಕ ಒಂದು ಮಿನಿ ಪಿಸಿಯನ್ನು ತರಿಸಿಕೊಂಡೆ. ಅದರಲ್ಲಿ ಇಂಟೆಲ್ ಎನ್100 ಪ್ರೊಸೆಸರ್, 8 ಜಿಬಿ ರ್‍ಯಾಮ್, 256 ಜಿಬಿಯ ಎನ್‌ವಿಎಂಇ (ಹೊಸ ಬಗೆಯ, ವೇಗದ) ಡಿಸ್ಕ್ ಇವೆ; ವಿಂಡೋಸ್ 11 ಮೊದಲೇ ಹಾಕಿ ಬಂದಿದೆ.

ಅದನ್ನು ಅಳಿಸಿ ವಿಂಡೋಸ್ 7 ಹಾಕಲು ನಾಲ್ಕು ರಾತ್ರಿ ಪ್ರಯತ್ನಿಸಿದೆ. 32 ಬಿಟ್‌ನ ಪೆನ್ ಡ್ರೈವ್ ಬೂಟ್ ಪಟ್ಟಿಯಲ್ಲೇ ಕಾಣಿಸುವುದಿಲ್ಲ. 64 ಬಿಟ್‌ನದು ಶುರುವಾಗುತ್ತದೆ, ಆದರೆ ‘ಸ್ಟಾರ್ಟಿಂಗ್ ವಿಂಡೋಸ್’ ಎಂಬ ಬರಹ ಬಂದು, ನಾಲ್ಕು ಬಣ್ಣದ ಬೆಳಕುಗಳು ಕೂಡಿ ಬಾವುಟವಾಗುವ ಮೊದಲೇ ಪರದೆ ನಿಂತುಬಿಡುತ್ತದೆ. ರಿಪೇರಿ ಅಂಗಡಿಯ ಹುಡುಗನೊಬ್ಬ ಯಾರೋ ತಿದ್ದಿದ್ದ ವಿಂಡೋಸ್ 7 ಪೆನ್ ಡ್ರೈವ್ ತಂದು ಹಾಕಿದಾಗ ಭಾಷೆ ಕೇಳುವ ಪರದೆಯವರೆಗೆ ಬಂತು. ಆದರೆ ಅಲ್ಲಿಗೆ ಬರುತ್ತಿದ್ದಂತೆ ಮೌಸಿನ ಕೆಳಗಿನ ಕೆಂಪು ದೀಪ ಆರಿಹೋಯಿತು, ಕೀಲಿಮಣೆಯ ನಮ್ ಲಾಕ್ ಕೂಡ ಹತ್ತಲಿಲ್ಲ.

ಮಾಘ ಮಾಸದ ಲಗ್ನಗಳ ಕೆಲಸ ಹತ್ತಿರ ಬರುತ್ತಿದೆ. ಈ ಯಂತ್ರದಲ್ಲಿ ವಿಂಡೋಸ್ 7 ನಡೆಸುವ ದಾರಿ ಇದೆಯೇ? ಇಲ್ಲವೆಂದಾದರೆ ಕಡಿಮೆ ಖರ್ಚಿನಲ್ಲಿ ನಾನು ಏನು ಮಾಡಬೇಕು? ದಯವಿಟ್ಟು ತಿಳಿದವರು ಹೇಳಿ.

ಉತ್ತರ: ತಿರುಪುಳಿ

ನೀವು ಲಕ್ಷಣಗಳನ್ನು ಇಷ್ಟು ಸ್ಪಷ್ಟವಾಗಿ ಬರೆದಿರುವುದರಿಂದ ಕಾರಣ ಹೇಳುವುದು ಸುಲಭವಾಯಿತು. ತಪ್ಪು ನಿಮ್ಮದಲ್ಲ, ಪೆನ್ ಡ್ರೈವಿನದೂ ಅಲ್ಲ. ವಿಂಡೋಸ್ 7 ಬಿಡುಗಡೆಯಾದದ್ದು 2009ರ ಅಕ್ಟೋಬರ್ 22ರಂದು. ಎನ್100 ಮಾರುಕಟ್ಟೆಗೆ ಬಂದದ್ದು 2023ರಲ್ಲಿ. ಈ ನಡುವೆ ಗಣಕದ ಒಳಗಿನ ಹಲವು ಸಂಪರ್ಕಗಳೇ ಬದಲಾಗಿವೆ. ನೀವು ಕಂಡ ಮೂರೂ ತೊಡಕುಗಳು ಈ ಬದಲಾವಣೆಗಳಿಂದ ಬಂದವು.

ಮೊದಲನೆಯದಾಗಿ, 32 ಬಿಟ್ ಪೆನ್ ಡ್ರೈವ್ ಪಟ್ಟಿಯಲ್ಲಿ ಏಕೆ ಕಾಣಲಿಲ್ಲ ಎಂಬುದು. ಗಣಕ ಚಾಲೂ ಆದಾಗ ವಿಂಡೋಸನ್ನು ಎಬ್ಬಿಸುವ ಒಳಗಿನ ತಂತ್ರಾಂಶವೇ ಬಯೋಸ್; ಅದರ ಜಾಗಕ್ಕೆ ಬಂದ ಹೊಸದು ಯುಇಎಫ್‌ಐ. ಸಾಮಾನ್ಯ ಪಿಸಿಗಳಲ್ಲಿ 32 ಬಿಟ್ ವಿಂಡೋಸ್ 7 ಹಳೆಯ ಬಯೋಸ್ ವಿಧಾನದಲ್ಲಿ ಮಾತ್ರ ಬೂಟ್ ಆಗುತ್ತದೆ. ಯುಇಎಫ್‌ಐ ವಿಧಾನದಲ್ಲಿ ಬೂಟ್ ಆಗುವುದು 64 ಬಿಟ್ ಆವೃತ್ತಿ. ಮಧ್ಯಂತರದ ವರ್ಷಗಳಲ್ಲಿ ಬಂದ ಮದರ್‌ಬೋರ್ಡುಗಳಲ್ಲಿ ಸಿಎಸ್‌ಎಂ ಎಂಬ ಸೌಲಭ್ಯವಿರುತ್ತಿತ್ತು. ಯುಇಎಫ್‌ಐ ಯಂತ್ರವೂ ಬೇಕೆಂದಾಗ ಹಳೆಯ ಬಯೋಸಿನಂತೆ ನಡೆದುಕೊಳ್ಳುವ ವ್ಯವಸ್ಥೆ ಅದು. 2020ರ ಹೊತ್ತಿಗೆ ಸಿಎಸ್‌ಎಂ ಕೈಬಿಡುವ ಉದ್ದೇಶವನ್ನು ಇಂಟೆಲ್ 2017ರಲ್ಲಿಯೇ ಪ್ರಕಟಿಸಿತ್ತು. ನಿಮ್ಮ ಯಂತ್ರದಲ್ಲಿ ಆ ಆಯ್ಕೆಯೇ ಇಲ್ಲ ಎಂಬುದು ನಿಮ್ಮ ವಿವರಣೆಯಿಂದ ಗೊತ್ತಾಗುತ್ತದೆ.

ಎರಡನೆಯದು, 64 ಬಿಟ್‌ನದು ಬಾವುಟ ಮೂಡುವ ಮೊದಲೇ ನಿಂತದ್ದು. ವಿಂಡೋಸ್ 7 ಯುಇಎಫ್‌ಐ ವಿಧಾನದಲ್ಲಿ ಬೂಟ್ ಆಗುವಾಗಲೂ ಪರದೆಯನ್ನು ಸಿದ್ಧಪಡಿಸಿಕೊಳ್ಳಲು ಹಳೆಯ ವಿಡಿಯೊ ಬಯೋಸನ್ನು ಕರೆಯುತ್ತದೆ. ಆ ಕರೆಗೆ ಓಗೊಡುವವರು ಹೊಸ ಚಿಪ್‌ನಲ್ಲಿ ಯಾರೂ ಇಲ್ಲದ ಕಾರಣ ಅದು ಅಲ್ಲಿಯೇ ನಿಂತುಬಿಡುತ್ತದೆ. ಈ ಕರೆಗೆ ಸುಳ್ಳು ಉತ್ತರ ಕೊಟ್ಟು ಮುಂದೆ ಸಾಗಿಸುವ ‘ಯುಇಎಫ್‌ಐ ಸೆವೆನ್’ ಎಂಬ ಹವ್ಯಾಸಿಗಳ ಉಪಕರಣವೊಂದಿದೆ. ರಿಪೇರಿಯ ಹುಡುಗ ತಂದ ಪೆನ್ ಡ್ರೈವಿನಲ್ಲಿ ಅದೋ ಅಂತಹುದೇ ಇನ್ನೊಂದೋ ಇದ್ದಿರಬೇಕು. ಇಲ್ಲದಿದ್ದರೆ ಭಾಷೆಯ ಪರದೆ ಬರುತ್ತಿರಲಿಲ್ಲ.

ಮೂರನೆಯದು, ಮೌಸಿನ ದೀಪ ಆರಿದ್ದು. ಬಯೋಸಿನ ಪರದೆಯಲ್ಲಿ ಇರುವವರೆಗೆ ಯುಎಸ್‌ಬಿಯನ್ನು ಬಯೋಸೇ ನೋಡಿಕೊಳ್ಳುತ್ತದೆ. ವಿಂಡೋಸ್ ತನ್ನ ಕೈಗೆ ತೆಗೆದುಕೊಂಡ ಕ್ಷಣದಿಂದ ವಿಂಡೋಸಿನ ಡ್ರೈವರ್ ಬೇಕು. ವಿಂಡೋಸ್ 7ರ ಮೂಲ ಪ್ರತಿಯಲ್ಲಿ ಇರುವುದು ಯುಎಸ್‌ಬಿ 2ರವರೆಗಿನ ಡ್ರೈವರ್ ಮಾತ್ರ. 2015ರಲ್ಲಿ ಬಂದ ಆರನೆಯ ತಲೆಮಾರಿನ ಡೆಸ್ಕ್‌ಟಾಪ್ ಚಿಪ್‌ಸೆಟ್‌ಗಳಿಂದ ಇಂಟೆಲ್ ಯುಎಸ್‌ಬಿ 2ರ ಪ್ರತ್ಯೇಕ ನಿಯಂತ್ರಕವನ್ನು ತೆಗೆದು, ಎಲ್ಲ ಕಿಂಡಿಗಳನ್ನೂ ಯುಎಸ್‌ಬಿ 3ರ ನಿಯಂತ್ರಕಕ್ಕೇ ಜೋಡಿಸಿತು. ಕಿಂಡಿ ಕಪ್ಪಗಿದ್ದರೂ ನೀಲಿಯಿದ್ದರೂ ಒಳಗಿನ ದಾರಿ ಒಂದೇ ಆದ್ದರಿಂದ, ಯಾವುದರಲ್ಲಿ ಚುಚ್ಚಿದರೂ ಫಲ ಒಂದೇ.

ಇವನ್ನೆಲ್ಲ ದಾಟಿದರೂ ಮುಂದೆ ಎನ್‌ವಿಎಂಇ ಡಿಸ್ಕ್ ಕಾಣಿಸಲು ಕೆಬಿ 2990941 ಎಂಬ ತಿದ್ದುಪಡಿಯನ್ನು ಇನ್‌ಸ್ಟಾಲರಿನ ಒಳಗೇ ಸೇರಿಸಬೇಕು. ಅದೂ ಆಯಿತು ಎನ್ನೋಣ. ಎನ್100ರ ಗ್ರಾಫಿಕ್ಸಿಗೆ ವಿಂಡೋಸ್ 7ರ ಡ್ರೈವರನ್ನು ಇಂಟೆಲ್ ಮಾಡಿಯೇ ಇಲ್ಲ. ವೇಗವರ್ಧನೆ ಇಲ್ಲದ ಸಾದಾ ಪರದೆಯಲ್ಲಿ, ಎರಡನೆಯ ಮಾನಿಟರ್ ಇಲ್ಲದೆ, ಪುಟ ಸರಿಸಿದಾಗಲೆಲ್ಲ ಗೆರೆಗೆರೆಯಾಗಿ ಮೂಡುವುದನ್ನು ನೋಡುತ್ತ ಲಗ್ನಪತ್ರಿಕೆ ಮಾಡುವುದು ಆಗದ ಮಾತು. ಎಲ್ಲಕ್ಕಿಂತ ಮುಖ್ಯವಾಗಿ, ಇಷ್ಟು ಕಷ್ಟಪಟ್ಟು ನೀವು ಹಾಕಿರುವುದು 64 ಬಿಟ್ ಆವೃತ್ತಿಯಾಗಿರುತ್ತದೆ. 32 ಬಿಟ್‌ನ ಡ್ರೈವರನ್ನು 64 ಬಿಟ್ ವಿಂಡೋಸ್ ಯಾವ ಕಾರಣಕ್ಕೂ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಅಂದರೆ ಡಾಂಗಲೂ ಇಲ್ಲ, ಪ್ರಿಂಟರೂ ಇಲ್ಲ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗುತ್ತದೆ. ಆದ್ದರಿಂದ ಈ ಯಂತ್ರದ ಮೇಲೆ ನೇರವಾಗಿ ವಿಂಡೋಸ್ 7 ಹಾಕುವ ಪ್ರಯತ್ನವನ್ನು ಇಲ್ಲಿಗೇ ನಿಲ್ಲಿಸಿ ಎಂದು ಒತ್ತಿ ಹೇಳುತ್ತೇನೆ.

ಉತ್ತರ: ಹಳೇಕಡತ

ತಿರುಪುಳಿಯವರು ಹೇಳಿದ್ದು ಅಕ್ಷರಶಃ ಸರಿ. ಆದರೆ ಮಿನಿ ಪಿಸಿಯನ್ನು ಮಾರಿಬಿಡುವ ಮೊದಲು ಅದರೊಳಗೇ ವರ್ಚುವಲ್ ಯಂತ್ರವೊಂದನ್ನು ಮಾಡಿ ನೋಡಿ. ನಾನು ಇದೇ ಊರಿನ ಒಂದು ಲೆಕ್ಕಪರಿಶೋಧಕರ ಕಚೇರಿಯಲ್ಲಿ ಹಳೆಯ ತಂತ್ರಾಂಶಗಳನ್ನು ಮೂರು ವರ್ಷಗಳಿಂದ ಹೀಗೆಯೇ ನಡೆಸುತ್ತಿದ್ದೇನೆ.

ಇದರ ತತ್ತ್ವ ಸರಳವಾಗಿದೆ. ವಿಂಡೋಸ್ 11 ಇದ್ದ ಹಾಗೆಯೇ ಇರಲಿ. ಅದರ ಮೇಲೆ ವರ್ಚುವಲ್‌ಬಾಕ್ಸ್ ಎಂಬ ಉಚಿತ ತಂತ್ರಾಂಶವನ್ನು ಹಾಕಿದರೆ, ಅದು ವಿಂಡೋಸ್ 7ರ ಮುಂದೆ ಒಂದು ಹಳೆಯ ಕಾಲದ ಗಣಕವನ್ನೇ ನಟಿಸಿ ತೋರಿಸುತ್ತದೆ. ಒಳಗಿರುವ ವಿಂಡೋಸ್ 7ಕ್ಕೆ ಕಾಣುವುದು ಸಾದಾ ಬಯೋಸ್, ಹಳೆಯ ಬಗೆಯ ಸಾದಾ ಸಾಟಾ ಡಿಸ್ಕ್, ಅದಕ್ಕೆ ಪರಿಚಯವಿರುವ ಯುಎಸ್‌ಬಿ. ಎನ್100, ಎನ್‌ವಿಎಂಇ ಇವುಗಳ ಸುಳಿವೇ ಅದಕ್ಕೆ ಸಿಗುವುದಿಲ್ಲ. ಹೀಗಾಗಿ ಇಲ್ಲಿ 32 ಬಿಟ್ ಆವೃತ್ತಿಯನ್ನೇ ಧಾರಾಳವಾಗಿ ಹಾಕಬಹುದು, ನಿಮ್ಮ ಎರಡೂ ಡ್ರೈವರುಗಳು ಅದರಲ್ಲಿ ಕೂರುತ್ತವೆ.

ಮೊದಲು ಬಯೋಸಿನಲ್ಲಿ ವರ್ಚುವಲೈಸೇಶನ್ ಆಯ್ಕೆ ಚಾಲೂ ಇದೆಯೇ ಎಂದು ನೋಡಿ. ಎನ್100ರಲ್ಲಿ ಆ ಸೌಲಭ್ಯವಿದೆ. ಹೊಸ ಯಂತ್ರಕ್ಕೆ 2 ಜಿಬಿ ರ್‍ಯಾಮ್, ಎರಡು ಕೋರ್, 40 ಜಿಬಿ ಡಿಸ್ಕ್ ಕೊಟ್ಟರೆ ಪೇಜ್‌ಮೇಕರಿಗೆ ಸಾಕೋಸಾಕು. ಇರುವ 8 ಜಿಬಿಯಲ್ಲಿ ವಿಂಡೋಸ್ 11 ತನ್ನ ಪಾಲನ್ನು ಕೇಳುತ್ತದೆ, ಆದ್ದರಿಂದ ಒಳಗಿನದಕ್ಕೆ ಹೆಚ್ಚು ಕೊಡಲು ಹೋಗಬೇಡಿ. ನಿಮ್ಮಲ್ಲಿರುವ ಸರ್ವೀಸ್ ಪ್ಯಾಕ್ 1ರ ಡಿಸ್ಕ್ ಬಳಸಿ ವಿಂಡೋಸ್ 7 ಹಾಕಿದ ಮೇಲೆ ಕೆಬಿ 4490628, ನಂತರ ಕೆಬಿ 4474419, ಈ ಎರಡು ಅಪ್‌ಡೇಟುಗಳನ್ನು ಇದೇ ಅನುಕ್ರಮದಲ್ಲಿ ಹಾಕಿ. 2019ರಿಂದ ಈಚಿನ ಡ್ರೈವರು, ಅಪ್‌ಡೇಟುಗಳ ಸಹಿಯನ್ನು ವಿಂಡೋಸ್ 7 ಗುರುತಿಸುವುದು ಇವು ಇದ್ದರೆ ಮಾತ್ರ. ಆಮೇಲೆ ವರ್ಚುವಲ್‌ಬಾಕ್ಸಿನ ಗೆಸ್ಟ್ ಅಡಿಶನ್ಸ್ ಹಾಕಿದರೆ ಪರದೆ ಪೂರ್ಣ ಅಳತೆಗೆ ಬರುತ್ತದೆ.

ಡಾಂಗಲ್ ವಿಚಾರಕ್ಕೆ ಸ್ವಲ್ಪ ಗಮನ ಬೇಕು. ಅದನ್ನು ಚುಚ್ಚಿದ ಕೂಡಲೇ ವಿಂಡೋಸ್ 11 ಅದನ್ನು ತನ್ನದೆಂದು ಹಿಡಿದುಕೊಳ್ಳುತ್ತದೆ. ವರ್ಚುವಲ್ ಯಂತ್ರದ ಯುಎಸ್‌ಬಿ ಸೆಟ್ಟಿಂಗಿಗೆ ಹೋಗಿ ಆ ಡಾಂಗಲ್ ಹೆಸರಿನಲ್ಲಿ ಒಂದು ಫಿಲ್ಟರ್ ಸೇರಿಸಿದರೆ, ಮುಂದಿನ ಸಲ ಚುಚ್ಚಿದಾಗ ಅದು ನೇರವಾಗಿ ಒಳಗಿನ ವಿಂಡೋಸ್ 7ಕ್ಕೆ ಹೋಗುತ್ತದೆ. ಪ್ರಿಂಟರಿಗೂ ಇದೇ ಕ್ರಮ. ವರ್ಚುವಲ್‌ಬಾಕ್ಸ್ 7ನೇ ಆವೃತ್ತಿಯಿಂದ ಯುಎಸ್‌ಬಿ 2 ಮತ್ತು 3ರ ಬೆಂಬಲ ಮೂಲ ತಂತ್ರಾಂಶದಲ್ಲಿಯೇ ಸೇರಿರುವುದರಿಂದ ಬೇರೆ ಪ್ಯಾಕ್ ಹುಡುಕಬೇಕಾಗಿಲ್ಲ. ಒಂದು ಎಚ್ಚರಿಕೆ: ನಿಮ್ಮ ಡಾಂಗಲ್ ಹಳೆಯ ಪ್ರಿಂಟರ್ ಪೋರ್ಟಿಗೆ ತಿರುಪು ಹಾಕಿ ಸಿಕ್ಕಿಸುವ ಅಗಲ ಬಾಯಿಯದಾಗಿದ್ದರೆ ಈ ದಾರಿಯಲ್ಲಿ ನಡೆಯುವುದಿಲ್ಲ.

ಯಂತ್ರ ಶುರುವಾದ ಮೇಲೆ ಕಿಟಕಿಯ ಕೆಳ ಅಂಚಿನ ಬಲಮೂಲೆಯನ್ನು ನೋಡಿ. ಅಲ್ಲಿ ಹಸಿರು ಆಮೆಯ ಚಿತ್ರ ಕಂಡರೆ, ವಿಂಡೋಸ್ 11ರದೇ ವರ್ಚುವಲ್ ಯಂತ್ರದ ವ್ಯವಸ್ಥೆಯಾದ ಹೈಪರ್-ವಿ ಅಡ್ಡ ಬಂದು ವೇಗ ಕುಗ್ಗಿದೆ ಎಂದರ್ಥ. ಅನೇಕ ಸಲ ಇದಕ್ಕೆ ಕಾರಣ ‘ಮೆಮೊರಿ ಇಂಟೆಗ್ರಿಟಿ’ ಎಂಬ ಭದ್ರತಾ ಆಯ್ಕೆ. ಅದನ್ನು ಆಫ್ ಮಾಡಿದರೆ ವೇಗ ಬರುತ್ತದೆ, ಆದರೆ ಹೊರಗಿನ ವಿಂಡೋಸಿನ ಒಂದು ರಕ್ಷಣೆ ಕಡಿಮೆಯಾಗುತ್ತದೆ. ಟೈಪ್ ಮಾಡುವಾಗ ಅಕ್ಷರ ತಡವಾಗಿ ಮೂಡದಿದ್ದರೆ ಅದನ್ನು ಮುಟ್ಟದಿರುವುದೇ ಲೇಸು.

ಇನ್ನು, ವರ್ಚುವಲ್ ಯಂತ್ರದ ನೆಟ್‌ವರ್ಕ್ ಅಡಾಪ್ಟರನ್ನು ಪೂರ್ತಿ ಆಫ್ ಮಾಡಿಬಿಡಿ. ವಿಂಡೋಸ್ 7ರ ಸಾಮಾನ್ಯ ಬೆಂಬಲ 2020ರ ಜನವರಿ 14ಕ್ಕೆ ಮುಗಿಯಿತು, ಹಣ ಕೊಟ್ಟು ಪಡೆಯುವ ವಿಸ್ತರಣೆಯೂ 2023ರ ಜನವರಿಯಲ್ಲಿ ಕೊನೆಗೊಂಡಿತು. ಕ್ರೋಮ್ ಬ್ರೌಸರಿನ 109ನೇ ಆವೃತ್ತಿಯೇ ಅದರಲ್ಲಿ ಕೊನೆಯದು. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ಸುಲಿಗೆ ವೈರಸ್ ಹರಡಿ ಕಡತಗಳಿಗೆ ಬೀಗ ಜಡಿದಾಗ ಸಿಕ್ಕಿಬಿದ್ದ ಗಣಕಗಳಲ್ಲಿ ಬಹುಪಾಲು ವಿಂಡೋಸ್ 7ರವೇ ಆಗಿದ್ದವು. ಅದಕ್ಕೆ ತಿದ್ದುಪಡಿ ಅದೇ ವರ್ಷದ ಮಾರ್ಚಿನಲ್ಲಿಯೇ ಬಂದಿತ್ತು, ಹಾಕಿಕೊಂಡಿರಲಿಲ್ಲ ಅಷ್ಟೇ. ಈಗ ಹೊಸ ತಿದ್ದುಪಡಿಗಳೇ ಬರುವುದಿಲ್ಲ. ಗ್ರಾಹಕರು ವಾಟ್ಸ್‌ಆ್ಯಪಿನಲ್ಲಿ ಕಳಿಸುವ ಫೋಟೊ, ಪೆನ್ ಡ್ರೈವಿನಲ್ಲಿ ತರುವ ಮ್ಯಾಟರ್ ಎಲ್ಲವೂ ವಿಂಡೋಸ್ 11ರಲ್ಲಿ ತೆರೆಯಲಿ, ಅಲ್ಲಿಂದ ಶೇರ್ಡ್ ಫೋಲ್ಡರ್ ಮೂಲಕ ಒಳಗೆ ಬರಲಿ. ನೆಟ್‌ವರ್ಕ್ ಆಫ್ ಮಾಡಿದ್ದರೂ ಈ ಫೋಲ್ಡರ್ ಕೆಲಸ ಮಾಡುತ್ತದೆ. ಎಲ್ಲ ಸರಿಹೋದ ದಿನ ಯಂತ್ರವನ್ನು ಮುಚ್ಚಿ, ಅದರ ಇಡೀ ಫೋಲ್ಡರನ್ನು ಬಾಹ್ಯ ಡಿಸ್ಕಿಗೆ ನಕಲು ಮಾಡಿಡಿ. ನಾಳೆ ಈ ಮಿನಿ ಪಿಸಿಯೂ ಸುಟ್ಟುಹೋದರೆ, ಇನ್ನೊಂದು ಗಣಕದಲ್ಲಿ ಆ ಫೋಲ್ಡರ್ ತೆರೆದು ಅದೇ ಮಧ್ಯಾಹ್ನ ಕೆಲಸ ಮುಂದುವರಿಸಬಹುದು.

ಉತ್ತರ: ಪೇಟೆ ಗ್ರಾಹಕ

ವರ್ಚುವಲ್ ಯಂತ್ರ ಒಗ್ಗದಿದ್ದರೆ ಇನ್ನೊಂದು ದಾರಿ ನಿಮ್ಮ ಅಂಗಡಿಯಿಂದ ನಡೆದು ಹೋಗುವಷ್ಟು ದೂರದಲ್ಲಿದೆ. ಎಸ್‌ಪಿ ರಸ್ತೆಗೆ ಹೋಗಿ, ಕಂಪನಿಗಳು ಬಳಸಿ ಬಿಟ್ಟ ‘ಟೈನಿ’ ಅಥವಾ ‘ಮೈಕ್ರೊ’ ಗಾತ್ರದ ಕಚೇರಿ ಗಣಕಗಳನ್ನು ಕೇಳಿ. ಅವೂ ಒಂದು ದಪ್ಪ ನಿಘಂಟಿನಷ್ಟೇ ಇರುತ್ತವೆ. ಲೆನೊವೊ ಥಿಂಕ್‌ಸೆಂಟರ್ ಎಂ73 ಟೈನಿ, ಡೆಲ್ ಆಪ್ಟಿಪ್ಲೆಕ್ಸ್ 3020 ಮೈಕ್ರೊ ಇವು ಆ ವರ್ಗದವು. ನೀವು ಕೇಳಬೇಕಾದದ್ದು ಇಂಟೆಲಿನ ನಾಲ್ಕನೆಯ ತಲೆಮಾರು. ಅದರಲ್ಲಿ ಹಳೆಯ ಬಯೋಸ್ ವಿಧಾನವಿದೆ, ಯುಎಸ್‌ಬಿ 2ರ ನಿಯಂತ್ರಕ ಇನ್ನೂ ಉಳಿದಿದೆ, ಸಾಟಾ ಡಿಸ್ಕ್ ಕೂರುತ್ತದೆ, ಗ್ರಾಫಿಕ್ಸಿಗೆ ವಿಂಡೋಸ್ 7ರ ಅಧಿಕೃತ ಡ್ರೈವರ್ 32 ಬಿಟ್‌ನಲ್ಲೂ ಇದೆ. ನಾನು ಕಳೆದ ವರ್ಷ ಎಸ್‌ಎಸ್‌ಡಿ ಸಹಿತ ಏಳೂವರೆ ಸಾವಿರಕ್ಕೆ ಒಂದನ್ನು ತಂದೆ.

ಖರೀದಿಸುವಾಗ ಅಂಗಡಿಯಲ್ಲೇ ನಿಂತು ನೋಡಬೇಕಾದ ಒಂದು ವಿಷಯವನ್ನು ಎಲ್ಲಕ್ಕಿಂತ ಮೊದಲು ಹೇಳುತ್ತೇನೆ, ಏಕೆಂದರೆ ನಾನು ಅದರಲ್ಲಿ ಒಮ್ಮೆ ಮೋಸಹೋಗಿದ್ದೇನೆ. ಯಂತ್ರವನ್ನು ಅಲ್ಲೇ ಚಾಲೂ ಮಾಡಿಸಿ ಬಯೋಸಿನ ಒಳಗೆ ಹೋಗಿ. ಕಂಪನಿಯವರು ಹಾಕಿದ್ದ ಪಾಸ್‌ವರ್ಡ್ ಕೇಳಿದರೆ ಆ ಯಂತ್ರ ಬೇಡವೆನ್ನಿ. ಸೆಕ್ಯೂರ್ ಬೂಟ್ (ಸಹಿಯಿಲ್ಲದ ವ್ಯವಸ್ಥೆ ಬೂಟ್ ಆಗದಂತೆ ತಡೆಯುವ ಆಯ್ಕೆ) ಆಫ್ ಮಾಡಿ ಲೆಗಸಿ, ಅಂದರೆ ಹಳೆಯ ಬಯೋಸ್, ವಿಧಾನಕ್ಕೆ ಬದಲಿಸಲಾಗದ ಯಂತ್ರ ನಿಮಗೆ ಬಂದೂ ಪ್ರಯೋಜನವಿಲ್ಲ. ನಾನು ಮೊದಲು ತಂದಿದ್ದ ಯಂತ್ರಕ್ಕೆ ಹಾಗೆ ಪಾಸ್‌ವರ್ಡ್ ಇತ್ತು; ಮಾರಿದವರಿಗೇ ಅದು ಗೊತ್ತಿರಲಿಲ್ಲ, ಬದಲಾಯಿಸಿ ಕೊಡಲೂ ಒಪ್ಪಲಿಲ್ಲ. ಅಡಾಪ್ಟರ್ ಅದೇ ಯಂತ್ರದ್ದೇ ಎಂಬುದನ್ನೂ ನೋಡಿ, ಏಕೆಂದರೆ ಇವುಗಳ ಪಿನ್ ಒಂದೊಂದು ತಯಾರಕರದು ಒಂದೊಂದು ಬಗೆ. ಹತ್ತು ನಿಮಿಷ ನಡೆಯಲು ಬಿಟ್ಟು ಫ್ಯಾನಿನ ಸದ್ದು ಕೇಳಿಸಿಕೊಳ್ಳಿ. ಸದ್ದು ಏರುತ್ತಲೇ ಹೋದರೆ ಪ್ರೊಸೆಸರ್ ಮೇಲಿನ ಥರ್ಮಲ್ ಪೇಸ್ಟ್ ಒಣಗಿ ಪುಡಿಯಾಗಿದೆ. ಹೊಸದಾಗಿ ಹಚ್ಚಿಸಿದರೆ ಸರಿಹೋಗುತ್ತದೆ. ಗಡಿಯಾರ 2000ದ ಆಸುಪಾಸಿನ ದಿನಾಂಕ ತೋರಿಸಿದರೆ ಒಳಗಿನ ನಾಣ್ಯದಾಕಾರದ ಬ್ಯಾಟರಿ ಮುಗಿದಿದೆ, ಅದು ದೊಡ್ಡ ವಿಷಯವಲ್ಲ.

ಪೆನ್ ಡ್ರೈವನ್ನು ಎಂಬಿಆರ್ (ಡಿಸ್ಕನ್ನು ವಿಭಾಗಿಸುವ ಹಳೆಯ ಕ್ರಮ) ಮತ್ತು ಬಯೋಸ್ ವಿಧಾನಕ್ಕೆ ಸಿದ್ಧಪಡಿಸಿ, ಕಪ್ಪು ಬಣ್ಣದ ಯುಎಸ್‌ಬಿ ಕಿಂಡಿಗೇ ಚುಚ್ಚಿ. 32 ಬಿಟ್ ವಿಂಡೋಸ್ 7ಕ್ಕೆ 4 ಜಿಬಿಗಿಂತ ಹೆಚ್ಚು ರ್‍ಯಾಮ್ ಬಳಸಲು ಬರುವುದಿಲ್ಲವಾದ್ದರಿಂದ ಹೆಚ್ಚಿಗೆ ಹಣ ಕೊಡಬೇಡಿ. ಜಿಎಸ್‌ಟಿ ಬಿಲ್ ತೆಗೆದುಕೊಳ್ಳಿ.

ಪ್ರಶ್ನೆ ಕೇಳಿದವರ ಮರುನುಡಿ: ಅಚ್ಚಿನಮನೆ

ಮೂವರಿಗೂ ಮನಸಾರೆ ವಂದನೆಗಳು. ಡಾಂಗಲ್ ಯುಎಸ್‌ಬಿಯದೇ ಆದ್ದರಿಂದ ಮೊದಲು ಹಳೇಕಡತ ಅವರ ದಾರಿ ಹಿಡಿದೆ. ಭಾನುವಾರ ಬೆಳಿಗ್ಗೆ ಕುಳಿತವನು ಊಟದ ಹೊತ್ತಿಗೆ ವಿಂಡೋಸ್ 7ರ ಪರದೆ ಕಂಡೆ. ಹಸಿರು ಆಮೆ ಇದೆ, ಆದರೆ ಟೈಪ್ ಮಾಡುವಾಗ ತಡವಾಗುತ್ತಿಲ್ಲವಾದ್ದರಿಂದ ಅದನ್ನು ಹಾಗೆಯೇ ಬಿಟ್ಟಿದ್ದೇನೆ. ಡಾಂಗಲ್ ಮೊದಲ ಸಲ ಸಿಗಲಿಲ್ಲ. ಫಿಲ್ಟರ್ ಹಾಕಿ, ಕಿತ್ತು ಮತ್ತೆ ಚುಚ್ಚಿದಾಗ ಅದರ ಹಸಿರು ದೀಪ ಹೊತ್ತಿಕೊಂಡಿತು.

2011ರ ಒಂದು ಲಗ್ನಪತ್ರಿಕೆಯ ಕಡತ ತೆರೆದು ಟ್ರೇಸಿಂಗ್ ಹಾಳೆಯ ಮೇಲೆ ಉಲ್ಟಾ ಪ್ರಿಂಟ್ ಕೊಟ್ಟೆ. ಆಗ ತೆಗೆದಿದ್ದ ಹಳೆಯ ಟ್ರೇಸಿಂಗ್ ಕಪಾಟಿನಲ್ಲಿತ್ತು. ಎರಡನ್ನೂ ಕಿಟಕಿಯ ಗಾಜಿಗೆ ಒಂದರ ಮೇಲೊಂದು ಒತ್ತಿ ಹಿಡಿದು ನೋಡಿದೆ. ಹೊಸದು ನಾಲ್ಕು ಮಿಲಿಮೀಟರ್ ಚಿಕ್ಕದಾಗಿತ್ತು. ಹುಡುಕಿದಾಗ ಪ್ರಿಂಟರ್ ಡ್ರೈವರಿನಲ್ಲಿ ‘ಹಾಳೆಗೆ ಹೊಂದಿಸು’ ಎಂಬ ಆಯ್ಕೆ ತಾನಾಗಿಯೇ ಚಾಲೂ ಆಗಿರುವುದು ಗೊತ್ತಾಯಿತು. ಅದನ್ನು ತೆಗೆದು ನೂರಕ್ಕೆ ನೂರು ಅಳತೆ ಕೊಟ್ಟ ಮೇಲೆ ಮೂಲೆಯ ಕಟಿಂಗ್ ಗುರುತುಗಳು ಒಂದರ ಮೇಲೊಂದು ಕೂತವು. ಪ್ರಿಂಟರ್ ಡ್ರೈವರನ್ನು ಹೊಸದಾಗಿ ಹಾಕಿಕೊಂಡವರು ಪ್ಲೇಟ್ ಮಾಡಿಸುವ ಮೊದಲು ಇದನ್ನು ನೋಡಿಕೊಳ್ಳಿ.

ಈಗ ಇನ್ನೊಂದು ಚಿಂತೆ. ಡಾಂಗಲ್ ಇರುವುದು ಒಂದೇ. ಅದು ಕೆಟ್ಟ ದಿನ ಆ ಕಡತಗಳ ಗತಿ ಏನು?

ಉತ್ತರ: ಪುಟವಿನ್ಯಾಸ

ಈ ಪ್ರಶ್ನೆ ನೀವಾಗಿ ಕೇಳಿದ್ದು ಒಳ್ಳೆಯದಾಯಿತು. ನಾನೂ ಇಪ್ಪತ್ತು ವರ್ಷ ಇದೇ ಕೆಲಸ ಮಾಡಿದವನು. ವಿಂಡೋಸ್ 7ರ ಅಗತ್ಯ ನಮಗೆ ಬಂದದ್ದೇ ಕಡತಗಳಲ್ಲಿ ಕನ್ನಡ ಕೂತಿರುವ ರೀತಿಯಿಂದ.

ಪೇಜ್‌ಮೇಕರಿಗೆ ಯೂನಿಕೋಡ್ (ಎಲ್ಲ ಭಾಷೆಗಳ ಅಕ್ಷರಗಳಿಗೂ ತಮ್ಮದೇ ಸಂಕೇತ ಕೊಡುವ ಪದ್ಧತಿ) ಕನ್ನಡ ಬಾರದು. ನಾವು ಅದರಲ್ಲಿ ಟೈಪ್ ಮಾಡುತ್ತಿದ್ದ ಕನ್ನಡ, ಗಣಕದ ದೃಷ್ಟಿಯಲ್ಲಿ ಇಂಗ್ಲಿಷ್ ಹಾಗೂ ಯುರೋಪಿನ ಅಕ್ಷರಗಳ ಸಾಲು. ಫಾಂಟು ಅವುಗಳ ಮೇಲೆ ಕನ್ನಡದ ಮುಖವಾಡ ಹಾಕುತ್ತಿತ್ತು. ಫಾಂಟು ಬದಲಾಯಿಸಿದರೆ ವರನ ಹೆಸರಿರುವ ಜಾಗದಲ್ಲಿ ತಲೆಯ ಮೇಲೆ ಗೆರೆ, ಚುಕ್ಕಿ, ಟೋಪಿ ಹೊತ್ತ ಪರಕೀಯ ಅಕ್ಷರಗಳು ಕಾಣುವುದನ್ನು ನೀವೂ ನೋಡಿರುತ್ತೀರಿ. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿಯ ಹಳೆಯ ಫಾಂಟುಗಳಲ್ಲಿರುವ ಬರಹವನ್ನು ಯೂನಿಕೋಡಿಗೆ ಪರಿವರ್ತಿಸುವ ಉಪಕರಣಗಳು ಉಚಿತವಾಗಿ ಸಿಗುತ್ತವೆ. ಡಾಂಗಲಿನ ತಂತ್ರಾಂಶದ ಸಂಕೇತ ನುಡಿಯದಕ್ಕಿಂತ ಬೇರೆಯಿದ್ದರೆ ಅದೇ ಪರಿವರ್ತಕ ನಡೆಯುವುದಿಲ್ಲ. ಡಾಂಗಲ್ ಬದುಕಿರುವಾಗಲೇ ಆ ಕಡತಗಳಿಗೆ ಮೊದಲ ಸರದಿ ಕೊಡಿ. ಕನಿಷ್ಠಪಕ್ಷ ಪ್ರತಿಯೊಂದರ ಪಿಡಿಎಫ್ ಮಾಡಿಟ್ಟುಕೊಳ್ಳಿ. ಮುಂದೆ ಹೊಸದಾಗಿ ಟೈಪ್ ಮಾಡಬೇಕಾಗಿ ಬಂದರೂ ಕಣ್ಣ ಮುಂದೆ ಮಾದರಿ ಇರುತ್ತದೆ. ಪೇಜ್‌ಮೇಕರ್ ಪಿಡಿಎಫ್ ಮಾಡುವುದು ಪೋಸ್ಟ್‌ಸ್ಕ್ರಿಪ್ಟ್ (ಪುಟವನ್ನು ಪ್ರಿಂಟರಿಗೆ ವಿವರಿಸುವ ಭಾಷೆ) ಪ್ರಿಂಟರಿನ ಮೂಲಕವಾದ್ದರಿಂದ, ಅದನ್ನು ಪಿಡಿಎಫ್ ಆಗಿ ಬದಲಿಸುವ ಡಿಸ್ಟಿಲ್ಲರ್ ಎಂಬ ತಂತ್ರಾಂಶವನ್ನೂ ಆ ವರ್ಚುವಲ್ ಯಂತ್ರದೊಳಗೆ ಹಾಕಿಕೊಳ್ಳಬೇಕಾಗುತ್ತದೆ.

ಪರಿವರ್ತನೆಯಾದ ಬರಹದಲ್ಲಿ ಅರ್ಕಾವತ್ತಿನ ಪದಗಳನ್ನು ಒಂದೂ ಬಿಡದೆ ಓದಿ. ‘ಕರ್ನಾಟಕ’ ಎಂಬ ಪದದಲ್ಲಿ ನಾವು ರಕಾರವನ್ನು ಮೊದಲು ಉಚ್ಚರಿಸುತ್ತೇವೆ, ಯೂನಿಕೋಡೂ ಅದೇ ಕ್ರಮದಲ್ಲಿ ಇಡುತ್ತದೆ. ಹಳೆಯ ಫಾಂಟುಗಳಲ್ಲಾದರೋ ಕಣ್ಣಿಗೆ ಕಾಣುವ ಕ್ರಮ. ‘ಕ’ ಆದ ಮೇಲೆ ‘ನಾ’, ಅದರ ಬೆನ್ನಿಗೆ ಅರ್ಕಾವತ್ತು. ಪರಿವರ್ತಕ ಆ ಗುರುತನ್ನು ಹಿಂದಕ್ಕೆ ಒಯ್ದು ಸರಿಯಾದ ಜಾಗದಲ್ಲಿ ಇಡಬೇಕು. ನಡುವೆ ಒಂದು ಒತ್ತಕ್ಷರವೋ ದೀರ್ಘವೋ ಬಂದಾಗ ಅದು ತಪ್ಪುವುದುಂಟು. ಇನ್ನು ಲಗ್ನಪತ್ರಿಕೆಯ ನೆತ್ತಿಯ ಗಣಪತಿ, ಅಂಚಿನ ಬಳ್ಳಿ ಇವು ಎಷ್ಟೋ ಸಲ ಚಿತ್ರವಾಗಿರದೆ ಯಾವುದೋ ಫಾಂಟಿನ ಒಂದು ಅಕ್ಷರವಾಗಿ ಕುಳಿತಿರುತ್ತವೆ. ಪರಿವರ್ತಕಕ್ಕೆ ಕೊಟ್ಟರೆ ಗಣಪತಿ ಹೋಗಿ ಒಂದು ಬಿಡಿ ಅಕ್ಷರ ಉಳಿಯುತ್ತದೆ. ಅವನ್ನು ಮೊದಲೇ ಬೇರೆ ತೆಗೆದಿಡಿ.

ಹೊಸ ಪುಟಗಳಿಗೆ ಸ್ಕ್ರೈಬಸ್ ನೋಡಿ. ಅದು ಉಚಿತ ತಂತ್ರಾಂಶ, 2024ರ ಜನವರಿಯಲ್ಲಿ ಬಂದ 1.6ನೇ ಆವೃತ್ತಿಯಲ್ಲಿ ಕನ್ನಡದ ಒತ್ತಕ್ಷರಗಳು ಸರಿಯಾಗಿ ಕೂಡುತ್ತವೆ, ನಿಮ್ಮ ಮಿನಿ ಪಿಸಿಯ ವಿಂಡೋಸ್ 11ರಲ್ಲಿ ನೇರವಾಗಿ ನಡೆಯುತ್ತದೆ. ಸಾವಿರಾರು ಕಡತಗಳನ್ನು ಒಟ್ಟಿಗೆ ಪರಿವರ್ತಿಸಲು ಕೂರಬೇಡಿ. ಯಾವ ಗ್ರಾಹಕರು ಮರುಮುದ್ರಣಕ್ಕೆ ಬರುತ್ತಾರೋ ಅವರ ಕಡತವನ್ನು ಅಂದು ಪರಿವರ್ತಿಸಿ.

ಪ್ರಶ್ನೆ ಕೇಳಿದವರ ಮರುನುಡಿ: ಅಚ್ಚಿನಮನೆ

ಪುಟವಿನ್ಯಾಸ ಅವರು ಹೇಳಿದಂತೆಯೇ ಈ ವಾರ ಮೊದಲುಮಾಡಿದೆ. ವರ್ಷವೂ ನಮ್ಮಲ್ಲಿಗೆ ಬರುವ ಒಂದು ದೇವಸ್ಥಾನದ ಕಾರ್ತೀಕ ದೀಪೋತ್ಸವದ ಕರಪತ್ರ ನುಡಿಯಲ್ಲಿತ್ತು. ಅದನ್ನು ಪರಿವರ್ತಿಸಿ ಸ್ಕ್ರೈಬಸ್‌ನಲ್ಲಿ ಜೋಡಿಸಿದೆ. ‘ಕಾರ್ತೀಕ’, ‘ಅರ್ಚಕರು’, ‘ಕಾರ್ಯದರ್ಶಿ’ ಮೂರೂ ಸರಿಯಾಗಿ ಬಂದವು. ‘ವಾರ್ಷ್ಣೇಯ’ ಎಂಬ ಒಂದು ಹೆಸರಿನಲ್ಲಿ ಮಾತ್ರ ಅರ್ಕಾವತ್ತು ಬೇರೆ ಅಕ್ಷರಕ್ಕೆ ಅಂಟಿಕೊಂಡಿತ್ತು, ಕೈಯಲ್ಲಿ ತಿದ್ದಿದೆ.

ಡಾಂಗಲಿನ ಕಡತಗಳನ್ನು ಎಣಿಸಿದರೆ 312 ಇವೆ. ದಿನಕ್ಕೆ ಹತ್ತರಂತೆ ಅಂಗಡಿ ಮುಚ್ಚುವ ಮೊದಲು ಪಿಡಿಎಫ್ ಮಾಡುತ್ತಿದ್ದೇನೆ; ಇವತ್ತಿಗೆ 40 ಮುಗಿದಿವೆ. ವರ್ಚುವಲ್ ಯಂತ್ರದ ಫೋಲ್ಡರಿನ ಒಂದು ಪ್ರತಿ ಅಂಗಡಿಯ ಡಿಸ್ಕಿನಲ್ಲಿ, ಇನ್ನೊಂದು ಮನೆಯ ಬೀರುವಿನಲ್ಲಿದೆ. ಮಾಘದ ಕೆಲಸ ಮುಗಿದು ಕೈಯಲ್ಲಿ ಸ್ವಲ್ಪ ಹಣ ಉಳಿದರೆ ಪೇಟೆ ಗ್ರಾಹಕ ಅವರು ಹೇಳಿದ ಯಂತ್ರವೊಂದನ್ನು ತಂದಿಟ್ಟುಕೊಳ್ಳಬೇಕೆಂದಿದ್ದೇನೆ. ಬಯೋಸ್ ಪಾಸ್‌ವರ್ಡ್ ವಿಷಯವನ್ನು ಚೀಟಿಯಲ್ಲಿ ಬರೆದು ಜೇಬಿನಲ್ಲಿ ಇಟ್ಟುಕೊಂಡೇ ಹೋಗುತ್ತೇನೆ.